‘ತಲಿಗೆ ಹತ್ತಂಗಿಲ್ಲ’ ಅನ್ನುವ ಮೊದಲು

ಮುಂಡರಗಿಯಿಂದ ಬರಲಿ, ಶಿರಹಟ್ಟಿಯಿಂದ ಬರಲಿ, ಬೆಟಗೇರಿಯ ನೇಕಾರರ ಓಣಿಯಿಂದ ಬರಲಿ, ಈ ಅಂಕಣಕ್ಕೆ ಬರುವ ತಾಯಂದಿರ ಪ್ರಶ್ನೆಯ ಧಾಟಿ ಹೆಚ್ಚುಕಡಿಮೆ ಒಂದೇ. “ಬಾಯಿಲೆ ಕೇಳ್ರಿ, ಎಲ್ಲಾ ಹೇಳ್ತಾನ. ಅಂಗಡಿಗೆ ಕಳಸಿದ್ರ ಚಿಲ್ಲರ ಲೆಕ್ಕ ತಪ್ಪಂಗಿಲ್ಲ. ಪುಸ್ತಕ ಹಿಡದ್ರ ಮಾತ್ರ ಕಣ್ಣಾಗ ನೀರ ಬರ್ತಾವ. ಇವಗ ತಲಿಗೆ ಹತ್ತಂಗಿಲ್ಲ ಅಂತಾರ ಮಾಸ್ತರು. ಏನ್ ಮಾಡೂದ್ರಿ?” ಹುಡುಗ ನಾಲ್ಕನೇ ಇಯತ್ತೆಯಲ್ಲೋ ಐದನೇ ಇಯತ್ತೆಯಲ್ಲೋ ಇರುತ್ತಾನೆ. ಕೆಲವು ವರ್ಷಗಳಿಂದ ಪ್ರಶ್ನೆಯ ಬಾಲಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ: “ಡಿಸ್ಲೆಕ್ಸಿಯಾ ಅಂತಾರಲ್ರಿ, ಅದೇನರೆ ಇರಬಹುದಾ?”

ಈ ಶಬ್ದವನ್ನು ಮನೆಮನೆಗೆ ಮುಟ್ಟಿಸಿದ್ದು ವೈದ್ಯರೂ ಅಲ್ಲ, ಶಿಕ್ಷಣ ಇಲಾಖೆಯೂ ಅಲ್ಲ. 2007ರ ಕೊನೆಯಲ್ಲಿ ಬಂದ ‘ತಾರೇ ಜಮೀನ್ ಪರ್’ ಸಿನಿಮಾ. ಅದರಿಂದ ಆದ ಉಪಕಾರ ದೊಡ್ಡದು, ಅನುಮಾನವಿಲ್ಲ. ಆದರೆ ಅದನ್ನು ನೋಡಿದವರ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿತು: ಈ ತೊಂದರೆ ಇರುವ ಮಗುವಿಗೆ ಅಕ್ಷರಗಳು ಕುಣಿಯುತ್ತವೆ, ತಿರುಗುಮುರುಗಾಗಿ ಕಾಣುತ್ತವೆ. ಇಂಗ್ಲಿಷಿನಲ್ಲಿ ‘ಬಿ’ಯನ್ನು ಕನ್ನಡಿಯಲ್ಲಿ ಹಿಡಿದರೆ ‘ಡಿ’ ಆಗುತ್ತದೆ, ಹಾಗಾಗಿ ಅಲ್ಲಿ ಆ ಮಾತಿಗೆ ಒಂದು ಆಸರೆಯಾದರೂ ಉಂಟು. ಕನ್ನಡದಲ್ಲಿ ಅಂಥ ಕನ್ನಡಿ ಜೋಡಿಗಳು ಎಲ್ಲಿವೆ? ಇಲ್ಲಿ ಗೊಂದಲವಾಗುವುದು ದ-ಧ-ಡ-ಢ, ನ-ಸ, ಪ-ಷ-ಫ, ಮ-ವ. ಅದೂ ಬಹುತೇಕ ಎಲ್ಲ ಮಕ್ಕಳಿಗೂ ಶುರುವಿನಲ್ಲಿ ಆಗುವಂಥದ್ದೇ. ಓದಿನ ತೊಂದರೆಯನ್ನು ಅಧ್ಯಯನ ಮಾಡುವ ಮನಶ್ಶಾಸ್ತ್ರಜ್ಞರು ದಶಕಗಳಿಂದ ಹೇಳುತ್ತಿರುವುದು ಬೇರೆಯದೇ ಮಾತು. ಬಹುಪಾಲು ಮಕ್ಕಳಲ್ಲಿ ತೊಡಕಿರುವುದು ಕಣ್ಣಿನಲ್ಲಲ್ಲ; ಕಿವಿಗೆ ಬಿದ್ದ ಸದ್ದನ್ನು ಬಿಡಿಸಿ, ಹಾಳೆಯ ಮೇಲಿನ ಗುರುತಿಗೆ ಗಂಟು ಹಾಕುವ ಕೆಲಸದಲ್ಲಿ. ಗದಗಿನ ತಂದೆತಾಯಿ ಮೊದಲು ಓಡುವುದು ಚಷ್ಮಾ ಅಂಗಡಿಗೆ. ಕಣ್ಣು ತೋರಿಸುವುದು ತಪ್ಪಲ್ಲ, ತೋರಿಸಲೇಬೇಕು. ಆದರೆ ಚಷ್ಮಾ ಬಂದ ಮೇಲೂ ಓದು ಬರದಿದ್ದರೆ ಮಗು ನಾಟಕ ಮಾಡುತ್ತದೆ ಅಂತ ತೀರ್ಮಾನಿಸುವುದು ತಪ್ಪು.

ಆ ಸಿನಿಮಾ ಬಂದ 2007ರಲ್ಲೇ ಇಂಗ್ಲೆಂಡಿನ ಓದು-ಸಂಶೋಧನೆಯ ನಿಯತಕಾಲಿಕವೊಂದರಲ್ಲಿ ಕನ್ನಡದ ಬಗ್ಗೆಯೇ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ಸೊನಾಲಿ ನಾಗ್. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಈಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಮತ್ತು ಶಿಕ್ಷಣದ ಪ್ರಾಧ್ಯಾಪಕಿಯಾಗಿರುವವರು. ಅವರು ಕೇಳಿಕೊಂಡ ಪ್ರಶ್ನೆ ಸರಳ: ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಕನ್ನಡದ ಅಕ್ಷರಗಳು ಪೂರಾ ಕೈಗೆ ಹತ್ತಲು ಎಷ್ಟು ಕಾಲ ಬೇಕು? ಐದರಿಂದ ಹತ್ತು ವರ್ಷದೊಳಗಿನ ಮಕ್ಕಳನ್ನು ಹಿಡಿದು ನೋಡಿದಾಗ ಸಿಕ್ಕ ಉತ್ತರ ನಮ್ಮ ಶಾಲೆಗಳ ನಂಬಿಕೆಗೆ ಅಡ್ಡ ಬರುವಂಥದ್ದು. ಒಂದನೇ ಇಯತ್ತೆಗಲ್ಲ, ಎರಡನೆಯದಕ್ಕೂ ಅಲ್ಲ. ನಾಲ್ಕನೇ ಇಯತ್ತೆಗೆ ಬಂದರೂ ಅಕ್ಷರ ಕಲಿಕೆ ನಡೆಯುತ್ತಲೇ ಇರುತ್ತದೆ. ಕಲಿಸುವುದು ಸಡಿಲವಾಗಿರುವ ಶಾಲೆಗಳಲ್ಲಿ ಇನ್ನೂ ನಿಧಾನ.

ಯಾಕೆ ಅನ್ನುವುದಕ್ಕೆ ಲೆಕ್ಕ ಹಾಕಿದರೆ ಸಾಕು. ಇಂಗ್ಲಿಷಿನ ಮಗು ಕಲಿಯಬೇಕಾದ ಅಕ್ಷರ 26. ಕನ್ನಡದ ವರ್ಣಮಾಲೆಯಲ್ಲಿ 49 ಅನ್ನುತ್ತೇವೆ, ಆದರೆ ಅದು ಬರೀ ಹೊಸ್ತಿಲು. 34 ವ್ಯಂಜನಗಳಿಗೆ ಕ, ಕಾ, ಕಿ, ಕೀ ಎಂದು ಕಃ ತನಕ 15 ರೂಪ ಹಿಡಿದರೆ ಕಾಗುಣಿತವೇ 510 ಆಯಿತು. ಮೇಲೆ ಒತ್ತಕ್ಷರ, ಒತ್ತಕ್ಷರಕ್ಕೆ ಮತ್ತೆ ಗುಣಿತ. ಎಲ್ಲವೂ ದಿನಬಳಕೆಯಲ್ಲಿ ಬರುವುದಿಲ್ಲ ನಿಜ; ಬರುವಂಥವೇ ನಾಲ್ಕು ನೂರರ ಮೇಲಿವೆ. ಸೊನಾಲಿ ನಾಗ್ ಇಂಥ ಲಿಪಿಗಳನ್ನು ಹರವಾದ ಲಿಪಿಗಳೆಂದೂ, ಇಂಗ್ಲಿಷಿನಂಥವನ್ನು ಅಡಕವಾದ ಲಿಪಿಗಳೆಂದೂ ಬೇರ್ಪಡಿಸಿದರು. ಅಡಕ ಲಿಪಿಯ ಮಕ್ಕಳಿಗೆ ಇಟ್ಟ ಗಡುವನ್ನು ಹರವು ಲಿಪಿಯ ಮಕ್ಕಳಿಗೂ ಇಟ್ಟರೆ ಅರ್ಧ ತರಗತಿ ದಡ್ಡರಾಗಿಯೇ ಕಾಣುತ್ತದೆ.

ಒತ್ತಕ್ಷರದ ವಿಷಯ ಕೊಂಚ ಹತ್ತಿರದಿಂದ ನೋಡಬೇಕು, ಯಾಕೆಂದರೆ ಜಗಳವೆಲ್ಲ ಇರುವುದು ಅಲ್ಲೇ. ‘ಪ್ರೀತಿ’ ಅನ್ನಿ. ಬಾಯಲ್ಲಿ ಮೊದಲು ಪ್, ಆಮೇಲೆ ರ್, ಆಮೇಲೆ ಈ. ಬರೆಯುವಾಗ? ಮೊದಲು ‘ಪೀ’ ಬರೆದು ಮುಗಿಸಿ, ಆಮೇಲೆ ಕೆಳಗೆ ‘ರ’ದ ಒತ್ತು ತೂಗುಹಾಕಬೇಕು. ಕೊನೆಗೆ ಕೇಳಿದ ಸ್ವರ ಮೊದಲ ಅಕ್ಷರದ ತಲೆಗೆ ಏರಿತು, ನಡುವೆ ಕೇಳಿದ ವ್ಯಂಜನ ಕಾಲಡಿಗೆ ಹೋಯಿತು. ‘ಸೂರ್ಯ’ ಇನ್ನೂ ಮಜಾ. ‘ರ್’ ಸದ್ದು ‘ಯ’ಕ್ಕಿಂತ ಮೊದಲು ಕೇಳುತ್ತದೆ, ಅರ್ಕಾವೊತ್ತು ಹಾಕುವುದು ‘ಯ’ ಬರೆದಾದ ಮೇಲೆ, ಬಲಗಡೆಗೆ. ದೊಡ್ಡವರಿಗೆ ಇದು ಲಕ್ಷ್ಯಕ್ಕೇ ಬರುವುದಿಲ್ಲ, ಕೈ ತಾನೇ ಓಡುತ್ತದೆ. ಎಂಟು ವರ್ಷದ ಮಗುವಿಗೆ ಕಿವಿಯ ಸಾಲು ಒಂದು, ಕಣ್ಣಿನ ಸಾಲು ಇನ್ನೊಂದು. 2010ರಲ್ಲಿ ಸೊನಾಲಿ ನಾಗ್, ಅಮೆರಿಕದ ರೆಬೆಕಾ ಟ್ರೈಮನ್ ಮತ್ತು ಇಂಗ್ಲೆಂಡಿನ ಮಾರ್ಗರೆಟ್ ಸ್ನೋಲಿಂಗ್ ಜೊತೆ ಸೇರಿ ಕನ್ನಡ ಮಕ್ಕಳ ಕಾಗುಣಿತದ ತಪ್ಪುಗಳನ್ನೇ ಒಂದು ಅಧ್ಯಯನದ ವಸ್ತು ಮಾಡಿದರು. ನಮ್ಮ ಮಾಸ್ತರರು ಕೆಂಪು ಶಾಯಿಯಲ್ಲಿ ಗೀಚಿ ದಾಟಿಹೋಗುವ ತಪ್ಪುಗಳು ಅಲ್ಲಿ ಮಗುವಿನ ತಲೆಯೊಳಗೆ ನಡೆಯುವ ಕೆಲಸದ ಸುಳಿವಾದವು.

ಮನೆಯಲ್ಲೂ ಇದನ್ನು ನೋಡಬಹುದು. ಮೂರನೆಯದೋ ನಾಲ್ಕನೆಯದೋ ಇಯತ್ತೆಯ ಮಗುವಿಗೆ ಅಕ್ಕ, ಪುಸ್ತಕ, ಪ್ರೀತಿ, ಸೂರ್ಯ ಅಂತ ನಾಲ್ಕೈದು ಶಬ್ದ ಉಕ್ತಲೇಖನ ಕೊಡಿ. ‘ಸೂರಯ’ ಎಂದು ಬರೆದ ಮಗು ಎಲ್ಲ ಸದ್ದನ್ನೂ ಸರಿಯಾಗಿ, ಸರಿಯಾದ ಸಾಲಿನಲ್ಲಿ ಕೇಳಿಸಿಕೊಂಡಿದೆ. ಅದಕ್ಕೆ ಅರ್ಕಾವೊತ್ತಿನ ನಿಯಮ ಗೊತ್ತಿಲ್ಲ, ಅಷ್ಟೇ. ಒಂದು ವಾರ ಕೂಡಿಸಿಕೊಂಡು ಹೇಳಿಕೊಟ್ಟರೆ ಬಂದೀತು. ‘ಸೂಯ’ ಎಂದು ಬರೆದ ಮಗುವಿನ ಮಾತು ಬೇರೆ. ಅಲ್ಲಿ ಒಂದು ಸದ್ದೇ ಬಿದ್ದುಹೋಗಿದೆ. ‘ಅಕ’, ‘ಪುಸಕ’, ‘ಪೀತಿ’ ಎಂದು ಎಲ್ಲ ಕಡೆಯೂ ಜೋಡಿ ವ್ಯಂಜನದಲ್ಲಿ ಒಂದು ಕಾಣೆಯಾಗುತ್ತಿದ್ದರೆ, ತಿಂಗಳುಗಟ್ಟಲೆ ಹೇಳಿಕೊಟ್ಟ ಮೇಲೂ ಹಾಗೇ ಉಳಿದರೆ, ಆ ಮಗುವನ್ನು ತಿಳಿದವರಿಗೆ ತೋರಿಸಬೇಕು. ಎರಡೂ ಮಕ್ಕಳಿಗೆ ಹತ್ತಕ್ಕೆ ಸೊನ್ನೆ ಬಿದ್ದಿರುತ್ತದೆ. ಅಂಕಪಟ್ಟಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ.

ಮೂರನೆಯ ಬಗೆಯ ‘ತಪ್ಪು’ ಒಂದಿದೆ. ಅದು ನಮ್ಮ ಸೀಮೆಯದೇ. ಲಕ್ಷ್ಮೇಶ್ವರದ ಹುಡುಗಿ ‘ಮನೆ’ ಅನ್ನುವಲ್ಲಿ ‘ಮನಿ’ ಎಂದು, ‘ಕುದುರೆ’ ಅನ್ನುವಲ್ಲಿ ‘ಕುದರಿ’ ಎಂದು, ‘ಶಾಲೆ’ ಅನ್ನುವಲ್ಲಿ ‘ಸಾಲಿ’ ಎಂದು ಬರೆಯುತ್ತಾಳೆ. ಅವಳ ಕಿವಿ ಚುರುಕಾಗಿದೆ, ಮನೆಯಲ್ಲಿ ಕೇಳಿದ್ದನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡದೆ ಬರೆದಿದ್ದಾಳೆ. ಇದನ್ನು ತಿದ್ದಬೇಕು ಸರಿ, ಆದರೆ ಕಾಯಿಲೆಯ ಪಟ್ಟಿಗೆ ಸೇರಿಸಬಾರದು. ಒಂದು ಸಣ್ಣ ತಮಾಷೆ ಇಲ್ಲಿ ಹೇಳದೆ ಇರಲಾಗದು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಪಂಪನೂ ತನ್ನ ಕಾವ್ಯದ ಕನ್ನಡ ಪುಲಿಗೆರೆಯದು ಅಂದುಕೊಂಡವನು. ಆ ಪುಲಿಗೆರೆಯೇ ಇವತ್ತಿನ ಲಕ್ಷ್ಮೇಶ್ವರ. ಅಲ್ಲಿನ ಮಗು ತನ್ನೂರ ಕನ್ನಡ ಬರೆದರೆ ಇವತ್ತು ಬೀಳುವುದು ಕೆಂಪು ಗೆರೆ.

ಮನೆಮಾತೇ ಬೇರೆಯಾಗಿರುವ ಮಕ್ಕಳ ಪಾಡು ಇನ್ನೂ ಕಷ್ಟ. ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ತಾಂಡಾಗಳಿಂದ ಬರುವ ಮಗು ಮನೆಯಲ್ಲಿ ಆಡುವುದು ಲಂಬಾಣಿ. ಗದಗ-ಬೆಟಗೇರಿಯ ಎಷ್ಟೋ ಓಣಿಗಳಲ್ಲಿ ಉರ್ದು. ಇಂಥ ಮಗುವಿಗೆ ಒಂದನೇ ಇಯತ್ತೆಯಲ್ಲಿ ಅಕ್ಷರ ಮತ್ತು ಭಾಷೆ ಎರಡೂ ಒಟ್ಟೊಟ್ಟಿಗೆ ಹೊಸವು. ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವನ ಜೊತೆ ಗುಳೆ ಹೋಗಿ ಮೂರ್ನಾಲ್ಕು ತಿಂಗಳು ಶಾಲೆ ತಪ್ಪಿದರೆ, ತಿರುಗಿ ಬರುವಷ್ಟರಲ್ಲಿ ತರಗತಿ ಒತ್ತಕ್ಷರ ದಾಟಿ ಮುಂದೆ ಹೋಗಿರುತ್ತದೆ. ನಾಗ್ ಮತ್ತು ಸ್ನೋಲಿಂಗ್ 2011ರಲ್ಲಿ ಕನ್ನಡದಲ್ಲಿ ಓದು ಹಿಂದುಳಿದ ಮಕ್ಕಳನ್ನೇ ಆರಿಸಿಕೊಂಡು ಇನ್ನೊಂದು ಅಧ್ಯಯನ ಪ್ರಕಟಿಸಿದರು. ಹಿಂದುಳಿದವರೆಲ್ಲ ಒಂದೇ ಅಚ್ಚಿನವರಲ್ಲ, ಅಕ್ಷರಜ್ಞಾನ, ಸದ್ದು ಬಿಡಿಸುವ ಶಕ್ತಿ, ಮಾತಿನ ಭಂಡಾರ ಇವುಗಳಲ್ಲಿ ಒಬ್ಬೊಬ್ಬರ ಕೊರತೆ ಒಂದೊಂದು ಬಗೆಯದು ಅನ್ನುವುದು ಅಂಥ ಕೆಲಸಗಳಿಂದ ಸಿಗುವ ತಿಳಿವಳಿಕೆ. ಶಬ್ದವೇ ಗೊತ್ತಿಲ್ಲದ ಮಗುವಿಗೆ ಅಕ್ಷರ ತೀಡಿಸುತ್ತ ಕೂತರೆ ಪ್ರಯೋಜನವಿಲ್ಲ. ಅದರ ಜೊತೆ ಮಾತಾಡಬೇಕು, ಕತೆ ಹೇಳಬೇಕು.

ಹಾಗಾದರೆ ಕನ್ನಡದಲ್ಲಿ ಡಿಸ್ಲೆಕ್ಸಿಯಾ ಎಂಬುದು ಇಲ್ಲವೇ ಇಲ್ಲವೇ? ಎಲ್ಲವೂ ಕಲಿಸುವ ದೋಷ, ಬಡತನದ ದೋಷ, ಭಾಷೆಯ ದೋಷ ಎಂದು ಕೈತೊಳೆದುಕೊಳ್ಳಬಹುದೇ? ಕನ್ನಡವನ್ನು ಬರೆದಂತೆ ಓದುತ್ತೇವೆ, ಆದ್ದರಿಂದ ಅದು ಇಂಗ್ಲಿಷಿನವರ ಕಾಯಿಲೆ ಎಂದು ವಾದಿಸಿದವರೂ ಇದ್ದಾರೆ. ಇದಕ್ಕೆ ಉತ್ತರ ಮೈಸೂರಿನಿಂದ ಬಂದು ಮೂವತ್ತು ವರ್ಷ ದಾಟಿತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಶೇಷ ಶಿಕ್ಷಣದ ಪ್ರಾಧ್ಯಾಪಕಿಯಾಗಿದ್ದ ಎಸ್. ರಮಾ, ಲಲಿತಮ್ಮ ಮತ್ತು ವೇಲ್ಸಿನ ಬ್ಯಾಂಗೋರ್ ವಿಶ್ವವಿದ್ಯಾಲಯದ ಹೆಸರಾಂತ ಮನಶ್ಶಾಸ್ತ್ರಜ್ಞ ಟಿ.ಆರ್. ಮೈಲ್ಸ್ ಜೊತೆ 1993ರಲ್ಲಿ ಪ್ರಕಟಿಸಿದ ಪ್ರಬಂಧ ಅದು. ಅವರು ಮಾಡಿದ ಜಾಣತನವೆಂದರೆ ಮಕ್ಕಳನ್ನು ಎರಡಲ್ಲ, ಮೂರು ಗುಂಪು ಮಾಡಿದ್ದು. ಚೆನ್ನಾಗಿ ಓದುವವರು ಒಂದು ಗುಂಪು, ಬೇರೆ ಕಾರಣಗಳಿಂದ ಓದಿನಲ್ಲಿ ಹಿಂದುಳಿದವರು ಇನ್ನೊಂದು, ಡಿಸ್ಲೆಕ್ಸಿಯಾದ ಲಕ್ಷಣ ಇರುವವರು ಮತ್ತೊಂದು. ಮೂರನೆಯ ಗುಂಪಿನ ಮಕ್ಕಳಲ್ಲಿ ಗುರುತು ಮತ್ತು ಸದ್ದನ್ನು ಬೆಸೆಯುವ ಕೆಲಸದಲ್ಲಿ ಎದ್ದುಕಂಡ ತೊಡಕು, ಇಂಗ್ಲಿಷ್ ಮಕ್ಕಳಲ್ಲಿ ಮೈಲ್ಸ್ ಕಂಡಂಥದ್ದೇ ಆಗಿತ್ತು. ಲಿಪಿ ಬೇರೆಯಾದರೂ ತೊಂದರೆಯ ಬೇರು ಬೇರೆಯಲ್ಲ. ರಮಾ ಅವರೇ ಐ.ಪಿ. ಗೌರಮ್ಮ ಅವರ ಜೊತೆ 2002ರಲ್ಲಿ ಲೆಕ್ಕದ ತೊಂದರೆಯ ಬಗ್ಗೆ, ಅದನ್ನು ಪ್ರಾಥಮಿಕ ಶಾಲೆಯಲ್ಲಿ ಹೇಗೆ ಗುರುತಿಸಬೇಕು ಎಂಬುದರ ಬಗ್ಗೆ ಬರೆದರು.

ಇಲ್ಲಿ ಸಂಶೋಧಕರೆಲ್ಲ ಒಂದೇ ಮಾತು ಹೇಳುತ್ತಾರೆ ಎಂದೇನೂ ಇಲ್ಲ. ಪ್ರತಿಭಾ ಕಾರಂತ, ಪಿ. ಪ್ರಕಾಶ್ ಮುಂತಾದವರು 1990ರ ದಶಕದಲ್ಲಿ ತೋರಿಸಿದ್ದು, ‘ಕ’ವನ್ನು ಕ್ ಮತ್ತು ಅ ಎಂದು ಒಡೆಯಲು ಬಾರದ ಮಗುವೂ ಕನ್ನಡವನ್ನು ಸರಾಗವಾಗಿ ಓದಬಲ್ಲದು ಎಂದು. ಇಂಗ್ಲಿಷಿನ ಓದಿಗೆ ಇಂಥ ಒಡೆಯುವ ಕಲೆಯೇ ತಳಪಾಯ ಎಂದು ಪಶ್ಚಿಮದ ಪುಸ್ತಕಗಳು ಹೇಳುತ್ತಿದ್ದ ಕಾಲ ಅದು. ಕನ್ನಡದಲ್ಲೂ ಆ ಶಕ್ತಿ ಬರುತ್ತದೆ, ನಿಧಾನವಾಗಿ, ಅಕ್ಷರಗಳ ಪರಿಚಯ ಗಟ್ಟಿಯಾದ ಹಾಗೆ ಬರುತ್ತದೆ ಎಂದರು ಸೊನಾಲಿ ನಾಗ್. ಚರ್ಚೆ ತಜ್ಞರದು, ಅದರಿಂದ ಶಿಕ್ಷಕರಿಗೆ ಸಿಗುವ ಲಾಭ ಒಂದಿದೆ. ಇಂಗ್ಲಿಷ್ ಮಕ್ಕಳಿಗೆಂದು ಮಾಡಿದ ಪರೀಕ್ಷೆಯನ್ನು ಕನ್ನಡಕ್ಕೆ ತರ್ಜುಮೆ ಮಾಡಿ ಮುಂಡರಗಿಯ ಹುಡುಗನ ಮುಂದಿಟ್ಟರೆ ಅವನ ಬಗ್ಗೆ ಸಿಗುವ ಉತ್ತರ ಅಡ್ಡಾದಿಡ್ಡಿಯಾಗಿರುತ್ತದೆ. ಕಲಿಕಾ ತೊಂದರೆ ಅಳೆಯಲು ನಿಮ್ಹಾನ್ಸ್‌ನಲ್ಲಿ ಮಾಲವಿಕಾ ಕಪೂರ್ ಮತ್ತು ಅವರ ಸಂಗಡಿಗರು 1990ರ ದಶಕದ ಆರಂಭದಲ್ಲಿ ರೂಪಿಸಿದ ಪರೀಕ್ಷಾಮಾಲೆ ಇವತ್ತಿಗೂ ಸರ್ಕಾರಿ ಪ್ರಮಾಣಪತ್ರಕ್ಕೆ ಆಧಾರ. ಆಗಿನ ಕಾಲಕ್ಕೆ ದೊಡ್ಡ ಕೆಲಸ ಅದು. ಆದರೆ ಅದರ ಓದು-ಬರಹದ ಭಾಗ ಮುಖ್ಯವಾಗಿ ಇಂಗ್ಲಿಷಿನದು. ಆದ್ದರಿಂದ ಮಗನನ್ನು ತಪಾಸಣೆಗೆ ಒಯ್ದ ತಂದೆ ಮೊದಲು ಕೇಳಬೇಕಾದ ಪ್ರಶ್ನೆ: “ಸರ್, ಇವನನ್ನ ಯಾವ ಭಾಷಾದಾಗ ಓದಿಸಿ ನೋಡಿದ್ರಿ?” ಕನ್ನಡದಲ್ಲಿ ಓದಿಸಿ, ಬರೆಸಿ ನೋಡದೆ ಕನ್ನಡ ಮಾಧ್ಯಮದ ಮಗುವಿಗೆ ಹಣೆಪಟ್ಟಿ ಹಚ್ಚಿದರೆ ಒಪ್ಪಿಕೊಳ್ಳಬೇಕಾಗಿಲ್ಲ.

ಒಂದು ವಿಚಿತ್ರವನ್ನು ಗದಗಿನವರು ಗಮನಿಸಬೇಕು. ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ ಎನ್ನುವ ಮಾತು ಸರ್ಕಾರಿ ಕಾಗದಕ್ಕೆ ಬರುವ ಎಷ್ಟೋ ಮೊದಲೇ ಈ ಊರು ಅದನ್ನು ಮಾಡಿ ತೋರಿಸಿದೆ. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮವನ್ನು ಗದಗಿನಲ್ಲಿ ನೆಲೆಗೊಳಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ತಾವೂ ಕಣ್ಣಿಲ್ಲದವರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವ ತನಕ ಅದನ್ನು ನಡೆಸಿದರು. ನಾಟಕ ಕಂಪನಿ ಕಟ್ಟಿ, ಊರೂರು ತಿರುಗಿ ಮಕ್ಕಳ ಅನ್ನಕ್ಕೆ ದಾರಿ ಮಾಡಿದರು. ಆಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಸಂಗೀತ ಕಲಿತದ್ದು ಎಲ್ಲರಿಗೂ ಗೊತ್ತು. ಕಣ್ಣಿರುವ ಮಕ್ಕಳೂ ಅಲ್ಲೇ, ಅವರ ಜೊತೆಯಲ್ಲೇ, ಅದೇ ಗುರುವಿನ ಮುಂದೆ ಕೂತು ಕಲಿತರು ಅನ್ನುವುದನ್ನು ಅಷ್ಟಾಗಿ ಯಾರೂ ಎತ್ತಿ ಆಡುವುದಿಲ್ಲ. ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು. ಎಂ. ವೆಂಕಟೇಶಕುಮಾರ್ ಹನ್ನೆರಡು ವರ್ಷ ಪುಟ್ಟರಾಜ ಗವಾಯಿಗಳ ಬಳಿ ಇದ್ದವರು. ಸಮನ್ವಯ ಶಿಕ್ಷಣವೆಂದರೆ ಸಾಮಾನ್ಯ ಶಾಲೆಯೊಳಕ್ಕೆ ಅಂಗವಿಕಲ ಮಗುವನ್ನು ಬಿಟ್ಟುಕೊಳ್ಳುವುದು ಎಂದು ಇವತ್ತು ತಿಳಿಯುತ್ತೇವೆ. ಇಲ್ಲಿ ಬಾಗಿಲು ಇನ್ನೊಂದು ಕಡೆಯಿಂದ ತೆರೆದಿತ್ತು.

ಹಾಗಂತ ಪುಣ್ಯಾಶ್ರಮದ ದಾರಿಯೇ ಎಲ್ಲದಕ್ಕೂ ಮದ್ದಲ್ಲ. ಕುರುಡುತನ ಕಣ್ಣಿಗೆ ಕಾಣುತ್ತದೆ. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಬಿಳಿ ಕೋಲು ಹಿಡಿದ ಹುಡುಗ ನಿಂತರೆ ನಾಲ್ಕು ಜನ ಕೈಹಿಡಿದು ಬಸ್ ಹತ್ತಿಸುತ್ತಾರೆ. ಓದಲು ಬಾರದ ಹುಡುಗನಿಗೆ ಅದೇ ನಾಲ್ಕು ಜನ ಬೈಯುತ್ತಾರೆ, ಯಾಕೆಂದರೆ ಅವನ ಮೈಮೇಲೆ ಏನೂ ಕಾಣುವುದಿಲ್ಲ. ಕಾನೂನಿಗೂ ಬಹುಕಾಲ ಕಾಣಲಿಲ್ಲ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು, ಕಲಿಕಾ ನ್ಯೂನತೆ ಅದರಲ್ಲಿರಲಿಲ್ಲ. 2016ರ ಹೊಸ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿದಾಗ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಜಾಗ ಸಿಕ್ಕಿತು. 2017ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಶಾಲಾ ಮಕ್ಕಳ ಸಮೀಕ್ಷೆ ಐದು ವರ್ಷಕ್ಕೊಮ್ಮೆ ಆಗಬೇಕು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡಬೇಕು, ಬರೆದುಕೊಡುವವರ ನೆರವು ಕೊಡಬೇಕು ಎಂದೆಲ್ಲ ಅದರಲ್ಲಿದೆ. 2018ರ ಜನವರಿಯಲ್ಲಿ ಬಂದ ಕೇಂದ್ರದ ಮಾರ್ಗಸೂಚಿ, ಮೂರನೇ ಇಯತ್ತೆ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಾಲೆಯಲ್ಲಿ ತಪಾಸಣೆ ಶುರುವಾಗಲಿ, ಪ್ರಮಾಣಪತ್ರ ಮಾತ್ರ ಎಂಟು ತುಂಬಿದ ಮೇಲೆ ಎಂದಿತು. ಅದಕ್ಕೂ ಮೊದಲು ಹಣೆಪಟ್ಟಿ ಬೇಡ ಎನ್ನುವ ಎಚ್ಚರ ಅದರಲ್ಲಿದೆ. ಕನ್ನಡದ ಅಕ್ಷರ ಕಲಿಕೆ ಎಷ್ಟು ಉದ್ದದ್ದು ಎಂದು ನೋಡಿದವರಿಗೆ ಈ ಎಚ್ಚರ ಸರಿಯೆನಿಸುತ್ತದೆ. ಎಂಟರ ತನಕ ಏನೂ ಮಾಡದೆ ಸುಮ್ಮನಿರಿ ಅಂತ ಮಾತ್ರ ಅದರ ಅರ್ಥವಲ್ಲ. ಹಾಗೆ ಸುಮ್ಮನಿರುವ ಶಾಲೆಗಳೇ ಹೆಚ್ಚು.

ಯಾರನ್ನು ಕೇಳಬೇಕು ಅನ್ನುವುದು ಮುಂದಿನ ಪ್ರಶ್ನೆ. ಮೊದಲು ಕಣ್ಣು, ಕಿವಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಮಗು ಹಾಜರಿರುವಂತೆ ನೋಡಿಕೊಳ್ಳಿ. ಒಂದು ಕಿವಿ ಮಂದವಾಗಿರುವ ಎಷ್ಟೋ ಮಕ್ಕಳು ‘ಅಲಕ್ಷ್ಯದ ಹುಡುಗ’ ಎನಿಸಿಕೊಂಡು ಬೆಂಚಿನ ಕೊನೆಗೆ ಬಿದ್ದಿರುತ್ತಾರೆ. ಆಮೇಲೆ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಜನ ಹೇಳುವ ಬಿಆರ್‌ಸಿ. ಅಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ವಿಶೇಷ ಅಗತ್ಯದ ಮಕ್ಕಳ ಪಟ್ಟಿ ಮಾಡುವುದು, ವೈದ್ಯಕೀಯ ಶಿಬಿರ ನಡೆಸುವುದು, ಶಾಲೆಗೆ ಬರಲಾಗದ ಮಗುವಿನ ಮನೆಗೇ ಹೋಗಿ ಕಲಿಸುವುದು ಅವರ ಕೆಲಸ. ಒಬ್ಬೊಬ್ಬರ ಹೆಗಲಿಗೆ ಎಷ್ಟೋ ಹಳ್ಳಿಗಳು. ಗಾಲಿಕುರ್ಚಿ, ಶ್ರವಣಯಂತ್ರ ಹಂಚುವುದರಲ್ಲಿ ವರ್ಷ ಮುಗಿಯುತ್ತದೆ. ‘ಸೂಯ’ ಬರೆಯುವ ಹುಡುಗನ ಸರದಿ ಬರುವುದು ಕಡೆಗೆ. ಹೆಚ್ಚಿನ ತಪಾಸಣೆಗೆ ನಮ್ಮ ಸೀಮೆಯವರಿಗೆ ಹತ್ತಿರದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಮಾತು, ಶ್ರವಣಕ್ಕೆ ಸಂಬಂಧಿಸಿದ್ದಕ್ಕೆ 1965ರಿಂದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಮುಂಡರಗಿಯಿಂದ ಮೈಸೂರಿಗೆ ಕೂಲಿ ಕಳೆದುಕೊಂಡು ಎಷ್ಟು ಸಲ ಹೋಗಿಬರಲಾದೀತು ಅನ್ನುವುದು ಬೇರೆ ಮಾತು.

ಆದ್ದರಿಂದ ಭಾರವೆಲ್ಲ ಬಂದು ಬೀಳುವುದು ತರಗತಿಯ ಶಿಕ್ಷಕರ ಮೇಲೆಯೇ. ಇಲ್ಲಿ ಒಂದು ಒಳ್ಳೆಯ ಸಂಗತಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯ ಮೂಲ ಆಶಯವೇ ಮಗು ತನ್ನ ಹೆಜ್ಜೆಯಲ್ಲಿ ಏಣಿ ಹತ್ತಲಿ ಅನ್ನುವುದು. ಅ ಆ ಇ ಈ ಎಂದು ಉರುಹೊಡೆಸದೆ, ಬರೆಯಲು ಸುಲಭವಾದ, ಶಬ್ದ ಕಟ್ಟಲು ಬರುವ ರ ಗ ಸ ದ ಅ, ಆಮೇಲೆ ಜ ವ ಮ ಬ ನ ಎಂದು ಸಾಗುವ ಕ್ರಮವೂ ಮಗುವಿನ ಪರವಾದದ್ದೇ. ತೊಡಕಿರುವುದು ನಲಿ-ಕಲಿ ಮುಗಿದ ಮೇಲೆ. ನಾಲ್ಕನೇ ಇಯತ್ತೆಯ ಪುಸ್ತಕ ಅಕ್ಷರವೆಲ್ಲ ಬಂದಿದೆ ಎಂದು ನಂಬಿಕೊಂಡೇ ಶುರುವಾಗುತ್ತದೆ. ಒತ್ತಕ್ಷರ ಇನ್ನೂ ಕೂಡಿಬರದ ಮಗುವಿಗೆ ಅಲ್ಲಿ ಹಿಂದಕ್ಕೆ ಹೋಗುವ ಮೆಟ್ಟಿಲೇ ಇಲ್ಲ. ನಾಲ್ಕು, ಐದನೇ ಇಯತ್ತೆಯಲ್ಲೂ ದಿನಕ್ಕೆ ಕಾಲು ಗಂಟೆ ಒತ್ತಕ್ಷರಕ್ಕೆಂದೇ ಇಡಿ, ಅದನ್ನು ಇಡೀ ತರಗತಿಗೆ ಇಡಿ, ಹಿಂದುಳಿದವರನ್ನು ಹೊರಗೆ ಕೂರಿಸಿ ಅಲ್ಲ ಎನ್ನುವುದು ಈ ಅಂಕಣಕಾರನ ಅಭಿಪ್ರಾಯ. ಕನ್ನಡದ ಸಂಶೋಧನೆಗಳನ್ನು ಓದಿದರೆ ಈ ಸಮಯ ಹೆಚ್ಚಿನದೇನೂ ಅಲ್ಲ. ವಿಶೇಷ ಶಿಕ್ಷಕರ ನೇಮಕದ ದಾರಿ ಕಾಯುತ್ತ ಕೂತರೆ ಎಷ್ಟು ಕಾಲವಾದೀತೋ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಹೇಳಿದ್ದು 2021ರ ಅಕ್ಟೋಬರ್‌ನಲ್ಲಿ. ಹುದ್ದೆಗಳನ್ನು ಮಂಜೂರು ಮಾಡಿ ತುಂಬಿ ಎಂದು ಅದೇ ಪ್ರಕರಣದಲ್ಲಿ ರಾಜ್ಯಗಳಿಗೆ ಮತ್ತೆ ಹೇಳಬೇಕಾಗಿ ಬಂದದ್ದು 2025ರ ಮಾರ್ಚ್‌ನಲ್ಲಿ.

ಕೊನೆಯದಾಗಿ ಎಸ್ಸೆಸ್ಸೆಲ್ಸಿ. ಹೆಚ್ಚಿನ ಪತ್ರಗಳು ಬರುವುದು ಹುಡುಗ ಹತ್ತಕ್ಕೆ ಕಾಲಿಟ್ಟ ಮೇಲೆ. 2016ರ ಕಾಯ್ದೆ ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಕೊಡಬಹುದು ಎನ್ನುತ್ತದೆ. ಇದು ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಹೇಳಿಮಾಡಿಸಿದ ಅನುಕೂಲ. ಅಲ್ಲಿ ಎಷ್ಟೋ ಮಕ್ಕಳಿಗೆ ವಿನಾಯಿತಿ ಸಿಗುವ ಭಾಷೆ ಕನ್ನಡವೇ ಆಗಿರುತ್ತದೆ. ಶಿರಹಟ್ಟಿಯ ಹುಡುಗನಿಗೆ ಕನ್ನಡವೇ ಮೊದಲ ಭಾಷೆ, ವಿಜ್ಞಾನವೂ ಸಮಾಜವೂ ಕನ್ನಡದಲ್ಲೇ. ಅವನಿಗೆ ಹಿಂದಿ ಬಿಟ್ಟುಕೊಟ್ಟರೂ ಓದುವ ಕಷ್ಟ ಉಳಿದ ಎಲ್ಲ ಪ್ರಶ್ನೆಪತ್ರಿಕೆಗಳಲ್ಲಿ ಕಾದು ಕೂತಿರುತ್ತದೆ. ಅವನಿಗೆ ಬೇಕಾದದ್ದು ಪ್ರಶ್ನೆಯನ್ನು ಓದಿ ಹೇಳುವ ಒಬ್ಬರು, ಹೇಳಿದ್ದನ್ನು ಬರೆದುಕೊಳ್ಳುವ ಒಬ್ಬರು, ಮೇಲೆ ಕೊಂಚ ಸಮಯ. ಬಾಯಲ್ಲಿ ಎಲ್ಲ ಹೇಳಬಲ್ಲ ಹುಡುಗ ಅಷ್ಟರಲ್ಲೇ ಪಾಸಾಗಿಬಿಡಬಹುದು. ಆದರೆ ಇದಕ್ಕೆಲ್ಲ ಪ್ರಮಾಣಪತ್ರ ಬೇಕು. ಅದನ್ನು ಕೊಡುವ ತಂಡದಲ್ಲಿ ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ತರಬೇತಾದ ಶಿಕ್ಷಕರು ಕೂಡಿ ನೋಡಬೇಕು, ಎಂಟನೇ ವಯಸ್ಸಿನಲ್ಲಿ ಕೊಟ್ಟದ್ದನ್ನು ಹದಿನಾಲ್ಕಕ್ಕೆ ಮತ್ತೆ ಮಾಡಿಸಬೇಕು. ಹತ್ತನೇ ಇಯತ್ತೆಯ ಸಂಕ್ರಾಂತಿ ಮುಗಿದ ಮೇಲೆ ಓಡಾಡಿದರೆ ಕಾಗದ ಕೈಸೇರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಎಂಟನೇ ಇಯತ್ತೆಯ ಜೂನ್ ತಿಂಗಳಲ್ಲೇ ಹೆಡ್‌ಮಾಸ್ತರರಿಗೆ ಒಂದು ಅರ್ಜಿ ಬರೆದುಕೊಟ್ಟು, ಅದರ ನಕಲಿಗೆ ಸಹಿ ಹಾಕಿಸಿ ಇಟ್ಟುಕೊಳ್ಳುವುದು ಒಳ್ಳೆಯದು.